ಡ್ರಮ್ ಕಿಟ್‌ಗೆ ದುಡ್ಡು ಕೊಡುವ ಮುಂಚೆ ಗ್ರೂಪ್ ನೋಡಿ

ಕಾಂಟ್ಯಾಕ್ಟ್ ಸ್ಯಾಂಪ್ಲರ್‌ಗೆ (ರೆಕಾರ್ಡ್ ಮಾಡಿದ ಸದ್ದುಗಳನ್ನು ಕೀಬೋರ್ಡ್ ಒತ್ತಿ ನುಡಿಸುವ ಸಾಫ್ಟ್‌ವೇರ್) ಅಂತ ಆನ್‌ಲೈನಲ್ಲಿ ಒಬ್ಬರಿಂದ ಡ್ರಮ್ ಕಿಟ್ ತಗೊಂಡೆ. ರೆಕಾರ್ಡಿಂಗ್ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳಗೆ ತೆರೆದು ನೋಡಿದರೆ ಕಿಕ್, ಸ್ನೇರ್, ಹೈಹ್ಯಾಟ್, ಟಾಮ್, ಸಿಂಬಲ್ ಎಲ್ಲವನ್ನೂ ಒಂದೇ ಗ್ರೂಪ್‌ಗೆ, ಅಂದರೆ ಒಟ್ಟಿಗೆ ಸೆಟ್ಟಿಂಗ್ ಮಾಡುವ ಸದ್ದುಗಳ ಒಂದೇ ಗುಂಪಿಗೆ, ತುರುಕಿಟ್ಟಿದ್ದಾರೆ!

ಅದರಿಂದೇನು ಅಂತೀರಾ? ಕಾಂಟ್ಯಾಕ್ಟ್‌ನಲ್ಲಿ ಒಂದೊಂದು ಝೋನ್‌ಗೆ (ಕೀಗೆ ಜೋಡಿಸಿದ ಒಂದೊಂದು ರೆಕಾರ್ಡಿಂಗ್‌ಗೆ) ಸ್ವಂತದ್ದು ಅಂತ ಇರುವುದು ವಾಲ್ಯೂಮ್, ಪ್ಯಾನ್, ಟ್ಯೂನ್ ಥರದ ಕೆಲವೇ ಸೆಟ್ಟಿಂಗ್. ಎನ್ವಲಪ್ (ಸದ್ದು ಏರಿ ಇಳಿಯುವ ರೀತಿ), ಫಿಲ್ಟರ್, ಔಟ್‌ಪುಟ್ ಎಲ್ಲ ಗ್ರೂಪ್ ಮಟ್ಟದಲ್ಲಿ ನಡೆಯುತ್ತವೆ. ಹಾಗಾಗಿ ಸ್ನೇರ್‌ನ ಬಾಲ ಸ್ವಲ್ಪ ಕತ್ತರಿಸೋಣ ಅಂತ ಎನ್ವಲಪ್ ಮುಟ್ಟಿದರೆ ಕ್ರ್ಯಾಶ್ ಸಿಂಬಲ್ ಕೂಡ ಅರ್ಧಕ್ಕೇ ನಿಲ್ಲುತ್ತದೆ, ಕಿಕ್ ಒಂದನ್ನೇ ಬೇರೆ ಔಟ್‌ಪುಟ್‌ಗೆ ಕಳಿಸೋಣ ಅಂದರೆ ಇಡೀ ಕಿಟ್ ಅದರ ಹಿಂದೆ ಹೋಗುತ್ತದೆ.

ಹೈಹ್ಯಾಟ್ ಕಥೆ ಇನ್ನೂ ಕೆಟ್ಟದು. ಜನರಲ್ ಮಿಡಿ (ಯಾವ ಸದ್ದಿಗೆ ಯಾವ ನೋಟ್ ನಂಬರ್ ಅನ್ನುವ ಸಾಮಾನ್ಯ ಪಟ್ಟಿ) ಪ್ರಕಾರ ಮುಚ್ಚಿದ ಹ್ಯಾಟ್ ನೋಟ್ 42, ತೆರೆದದ್ದು 46. 42 ಬಾರಿಸಿದ ಕೂಡಲೇ 46ರ ಸದ್ದು ನಿಲ್ಲಬೇಕು, ನಿಜವಾದ ಹ್ಯಾಟ್ ಹಾಗೇ ಅಲ್ವಾ. ಇದಕ್ಕೆ ಎರಡನ್ನೂ ಬೇರೆ ಗ್ರೂಪ್ ಮಾಡಿ, ಒಂದೇ ವಾಯ್ಸ್ ಗ್ರೂಪ್‌ಗೆ (ಒಟ್ಟಿಗೆ ಎಷ್ಟು ಸದ್ದು ನುಡಿಯಬಹುದು ಅಂತ ಮಿತಿ ಹಾಕುವ ಗುಂಪು) ಸೇರಿಸಿ, ವಾಯ್ಸ್ ಸಂಖ್ಯೆ 1 ಅಂತ ಇಡಬೇಕು. ಎಲ್ಲ ಒಂದರಲ್ಲೇ ಇರುವಾಗ ಹಾಗೆ ಮಾಡಿದರೆ ಕಿಕ್ ಹೊಡೆದರೆ ಸಿಂಬಲ್ ಸಾಯುತ್ತದೆ.

ಅದೂ ಸಾಲದು ಅಂತ, ಸ್ನೇರ್‌ನ ಬೇರೆಬೇರೆ ಏಟುಗಳನ್ನು ಒಂದೇ ಕೀ ಮೇಲೆ, ಒಂದೇ ವೆಲಾಸಿಟಿಗೆ (ಕೀ ಒತ್ತುವ ಜೋರಿಗೆ) ಪೇರಿಸಿದ್ದಾರೆ. ರೌಂಡ್ ರಾಬಿನ್ (ಪ್ರತಿ ಸಲ ಒತ್ತಿದಾಗ ಬೇರೆ ರೆಕಾರ್ಡಿಂಗ್ ನುಡಿಯುವುದು) ಬೇಕಾದರೆ ಒಂದೊಂದು ಏಟಿಗೂ ಒಂದೊಂದು ಗ್ರೂಪ್ ಇಟ್ಟು, ಸರದಿಯಲ್ಲಿ ಬರುವ ಹಾಗೆ ಹೇಳಬೇಕು. ಇಲ್ಲಿ ಎಲ್ಲವೂ ಒಟ್ಟಿಗೇ ಬಡಿಯುತ್ತವೆ, ಸದ್ದು ಜಾಸ್ತಿಯಾಗಿ ರಾಡಿಯಾಗುತ್ತದೆ.

ಮಾರಿದವರನ್ನು ಕೇಳಿದರೆ "ಸೌಂಡ್ ಬರ್ತಿದೆಯಲ್ಲ ಸರ್" ಅಂದರು. ಡೌನ್‌ಲೋಡ್ ಆದಮೇಲೆ ದುಡ್ಡು ವಾಪಸ್ ಇಲ್ಲವಂತೆ. ನಾವೇ ಬಿಡಿಸಿಕೊಳ್ಳೋಣ ಅಂದರೆ ಫೈಲ್‌ಗಳಿಗೆ ಬರೀ ನಂಬರ್ ಹೆಸರು, ಯಾವುದು ಮೆಲ್ಲಗಿನ ಏಟು, ಯಾವುದು ಜೋರಿನದು ಅಂತ ಒಂದೊಂದನ್ನೂ ಕೇಳಿಯೇ ಗುರುತಿಸಬೇಕು. ಇಷ್ಟು ಒಳ್ಳೆಯ ರೆಕಾರ್ಡಿಂಗ್ ಮಾಡಿದವರು ಅದನ್ನು ಹೀಗೆ ಹಾಳು ಮಾಡಿದ್ದು ನೋಡಿ ಹೊಟ್ಟೆ ಉರಿಯಿತು.

ಡೆಮೊ ಆಡಿಯೊ ಕೇಳಿ ಇದ್ಯಾವುದೂ ಗೊತ್ತಾಗಲ್ಲ. ಮೊದಲೇ ಗ್ರೂಪ್ ಎಡಿಟರ್‌ನ ಸ್ಕ್ರೀನ್‌ಶಾಟ್ ಕೇಳಿ, ಕೊಡದಿದ್ದರೆ ತಗೋಬೇಡಿ. ಕಿಟ್ ಲಾಕ್ ಆಗಿದೆಯಾ, ಸ್ಪ್ಯಾನರ್ ಗುರುತು ಒತ್ತಿ ಒಳಗೆ ಹೋಗೋಕೆ ಆಗುತ್ತಾ ಅಂತಲೂ ಕೇಳಿ, ಯಾಕಂದರೆ ಲಾಕ್ ಇದ್ದರೆ ಸರಿಪಡಿಸುವ ದಾರಿಯೂ ಇಲ್ಲ. ಈಗಾಗಲೇ ಇಂಥದ್ದನ್ನು ತಗೊಂಡು ಬಿಡಿಸುತ್ತಾ ಕೂತಿದ್ದರೆ ಮೊದಲು ಬೇರೆ ಹೆಸರಲ್ಲಿ ಒಂದು ಪ್ರತಿ ಸೇವ್ ಮಾಡಿಕೊಳ್ಳಿ. ಗ್ರೂಪ್‌ಗಳನ್ನು ಬೇರೆ ಮಾಡಿದ ಮೇಲೆ "ಎಡಿಟ್ ಆಲ್ ಗ್ರೂಪ್ಸ್" ಆಫ್ ಇದೆಯಾ ನೋಡಿ. ಅದು ಆನ್ ಇದ್ದರೆ ಒಂದು ಗ್ರೂಪ್‌ಗೆ ಮಾಡಿದ ಬದಲಾವಣೆ ಎಲ್ಲದಕ್ಕೂ ಹೋಗುತ್ತದೆ.