1.4 ನಾಜಲ್ ಗನ್, ಮೂರು ಮಳೆಗಾಲ

ಗಾಡಿಗೆ ಬಣ್ಣ ಹೊಡೆಯುವ, ಮೇಲೆ ಕಪ್ ಇರುವ ಎಚ್‌ವಿಎಲ್‌ಪಿ (ಜಾಸ್ತಿ ಗಾಳಿ, ಕಡಿಮೆ ಒತ್ತಡ) ಸ್ಪ್ರೇ ಗನ್ ಇದು, ನಾಜಲ್ ತೂತು 1.4 ಮಿ.ಮೀ. ಕಂಪನಿ ಹೆಸರು ಬೇಡ, ಇದೇ ಅಚ್ಚಿನದು ಹತ್ತಾರು ಹೆಸರಿನಲ್ಲಿ ಸಿಗುತ್ತದೆ. ಸಾಗರದಲ್ಲಿ ನಮ್ಮ ಮನೆ ಹಿಂದಿನ ಕೊಟ್ಟಿಗೆಯಲ್ಲಿ ಮೂರು ವರ್ಷ ಬಳಸಿದ್ದೇನೆ. ಅಪ್ಪನ ಹಳೇ ಸ್ಕೂಟರ್, ನನ್ನ ಬೈಕಿನ ಟ್ಯಾಂಕ್, ಭಾವನ ಕಾರಿನ ಎರಡು ಬಂಪರ್. ನಾನು ಪೇಂಟರ್ ಅಲ್ಲ, ಭಾನುವಾರದ ಹುಚ್ಚು ಅಷ್ಟೇ.

ಮೊದಲ ಆರು ತಿಂಗಳು ಗನ್‌ಗೆ ಬೈದದ್ದೇ ಬೈದದ್ದು. ಏನು ಹೊಡೆದರೂ ಕಿತ್ತಳೆ ಸಿಪ್ಪೆ ಹಾಗೆ ತರಿ ತರಿ. ಆಮೇಲೆ ಗನ್ನಿನ ಹಿಡಿಕೆ ಹತ್ತಿರವೇ ಗಾಳಿಯ ಒತ್ತಡ ತೋರಿಸುವ ಒಂದು ಗೇಜ್ ಹಾಕಿ ನೋಡಿದೆ. ಟ್ರಿಗರ್ ಒತ್ತಿದಾಗ 28 ಪಿಎಸ್‌ಐ ಇದ್ದದ್ದು ನೋಡನೋಡುತ್ತಲೇ ಅರ್ಧಕ್ಕೆ ಇಳಿಯುತ್ತಿತ್ತು! ನನ್ನದು 1 ಎಚ್‌ಪಿ, 24 ಲೀಟರಿನ ಕಂಪ್ರೆಸರ್. ಈ ತರದ ಗನ್ ಗಾಳಿ ಜಾಸ್ತಿ ಕುಡಿಯುತ್ತದೆ. ಗಾಳಿ ಸಾಲದಿದ್ದರೆ ಬಣ್ಣ ಸಣ್ಣಗೆ ಒಡೆಯುವುದಿಲ್ಲ, ದಪ್ಪ ಹನಿಯಾಗಿ ಹೋಗಿ ಕೂರುತ್ತದೆ. ಸೆಕೆಂಡ್ ಹ್ಯಾಂಡ್ ದೊಡ್ಡ ಕಂಪ್ರೆಸರ್ ತಂದ ಮೇಲೆ ಅದೇ ಗನ್, ಅದೇ ಕೈ, ಬೇರೆಯದೇ ಫಿನಿಶ್. ದುಡ್ಡು ಕಡಿಮೆ ಇದ್ದರೆ ಗನ್ ಅಗ್ಗದ್ದು ತಗೊಳ್ಳಿ, ಕಂಪ್ರೆಸರ್ ಅಲ್ಲ.

ಮಿಕ್ಸಿಂಗ್‌ನಲ್ಲಿ ತಿಂದ ಪೆಟ್ಟು ಇದಕ್ಕಿಂತ ದೊಡ್ಡದು. ಬಣ್ಣದ ಮೇಲೆ ಹೊಡೆಯುವ ಹೊಳಪಿನ ಪದರವೇ ಕ್ಲಿಯರ್. ನನ್ನ ಕ್ಲಿಯರ್‌ಗೆ ಎರಡು ಪಾಲಿಗೆ ಒಂದು ಪಾಲು ಹಾರ್ಡ್ನರ್ (ಅದನ್ನು ಗಟ್ಟಿ ಮಾಡುವ ದ್ರವ) ಅಂತ ಡಬ್ಬದ ಮೇಲೇ ಬರೆದಿತ್ತು. ನಾನು ಕಣ್ಣಳತೆಯಲ್ಲಿ ಸುರಿದೆ. ನಾಲ್ಕು ದಿನ ಆದರೂ ಟ್ಯಾಂಕ್ ಅಂಟಂಟು, ಮೇಲೆ ಕೊಟ್ಟಿಗೆಯ ಸೊಳ್ಳೆಗಳ ಮೆರವಣಿಗೆ. ಬೇರೆ ಕ್ಲಿಯರ್‌ಗೆ 4:1 ಇರುತ್ತದೆ, ಒಂದರ ಹಾರ್ಡ್ನರ್ ಇನ್ನೊಂದಕ್ಕೆ ಹಾಕುವ ಹಾಗಿಲ್ಲ. ಈಗ ಗೆರೆ ಇರುವ ಕಪ್‌ನಲ್ಲೇ ಅಳೆಯುತ್ತೇನೆ, ಸೋಸದೆ ಗನ್‌ಗೆ ಹಾಕುವುದಿಲ್ಲ. ಸಿಲ್ವರ್ ಬಣ್ಣ ಆದರೆ ಪುಡಿ ತಳಕ್ಕೆ ಕೂರುತ್ತದೆ, ನಡುನಡುವೆ ಕಲಕಬೇಕು. ಇಲ್ಲದಿದ್ದರೆ ಬಂಪರ್ ಮೇಲೆ ಮೋಡ ಮೋಡ.

ಇನ್ನು ನಮ್ಮ ಮಲೆನಾಡಿನ ಮಳೆ. ಜುಲೈಯಲ್ಲಿ ಸ್ಕೂಟರ್‌ಗೆ ಎನ್‌ಸಿ (ನೈಟ್ರೊಸೆಲ್ಯುಲೋಸ್, ಥಿನ್ನರ್ ಹಾರಿ ಬೇಗ ಆರುವ) ಪೇಂಟ್ ಹೊಡೆದೆ, ಹತ್ತು ನಿಮಿಷಕ್ಕೆ ಬೂದಿ ಬಳಿದ ಹಾಗೆ ಬೆಳ್ಳಗಾಯಿತು. ಥಿನ್ನರ್ ಬೇಗ ಆರುವಾಗ ತಗಡು ತಣ್ಣಗಾಗುತ್ತದೆ, ಗಾಳಿಯ ತೇವ ಬಣ್ಣಕ್ಕೇ ಬಂದು ಕೂರುತ್ತದೆ. ಟಿಂಕರಿಂಗ್ ಶಾಪ್‌ನ ಪೇಂಟರ್ ಒಬ್ಬರು ನಕ್ಕು, "ಬಿಸಿಲು ಬರಲಿ ಮಾರಾಯ್ರೆ, ಸ್ಕೂಟರ್ ಎಲ್ಲಿಗೂ ಓಡಿಹೋಗುವುದಿಲ್ಲ" ಅಂದರು. ಕಂಪ್ರೆಸರ್‌ನ ಗಾಳಿ ಪೈಪಿನೊಳಗೂ ನೀರು ಕಟ್ಟುತ್ತದೆ. ನೀರು ಹಿಡಿಯುವ ಫಿಲ್ಟರ್ ಹಾಕಿ, ಕಂಪ್ರೆಸರ್ ತಳದ ನಲ್ಲಿ ಬಿಚ್ಚಿ ನೀರು ಹೊರಗೆ ಬಿಡಿ. ಅಂದ ಹಾಗೆ, ಸಿಲಿಕಾನ್ ಇರುವ ಡ್ಯಾಶ್‌ಬೋರ್ಡ್ ಪಾಲಿಶ್ ಡಬ್ಬ ಕೊಟ್ಟಿಗೆಯ ಹತ್ತಿರವೂ ಇಡಬೇಡಿ. ಅದರ ಸೋಂಕು ತಾಗಿದ ಕಡೆ ಬಣ್ಣ ನಿಲ್ಲದೆ ಗುಂಡಿ ಗುಂಡಿ ಬೀಳುತ್ತದೆ. ಒಂದು ಇಡೀ ಬಂಪರ್ ಮತ್ತೆ ಉಜ್ಜಿದ್ದೇನೆ.

ಗನ್ನಿನದೇ ತಪ್ಪು ಅಂದರೆ ಎರಡು. ಕಪ್ ಕೆಳಗಿನ ವಾಷರ್ ಥಿನ್ನರ್‌ಗೆ ಊದಿಕೊಂಡು ಸೋರತೊಡಗಿತು, ಬದಲಿಸಿದೆ. ದಪ್ಪ ಪ್ರೈಮರ್‌ಗೆ 1.8 ನಾಜಲ್ ಬೇಕು, ಜೊತೆಗೆ ಕೊಡಲಿಲ್ಲ. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಒಳಗೆ ಕ್ಲಿಯರ್ ಗಟ್ಟಿಯಾದದ್ದು ಮಾತ್ರ ನನ್ನದೇ ಸೋಮಾರಿತನ. ಹಾರ್ಡ್ನರ್ ಬೆರೆಸಿದ ಮೇಲೆ ಹಸಿವನ್ನು ನಂಬಬೇಡಿ.

ಮಾಸ್ಕ್ ವಿಷಯದಲ್ಲಿ ತಮಾಷೆ ಬೇಡ. ಹಾರ್ಡ್ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಉಸಿರಾಟಕ್ಕೆ ಕೆಟ್ಟದ್ದು. ಬಟ್ಟೆ ಮಾಸ್ಕ್ ಸುಮ್ನೆ ಕಟ್ಟಿಕೊಂಡ ಹಾಗೆ, ಏನೂ ತಡೆಯುವುದಿಲ್ಲ. ಹೊರಗಿನ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ನನ್ನಲ್ಲಿಲ್ಲ. ಹಾಗಾಗಿ ಈಗ ಬೇಸ್‌ಕೋಟ್ (ಕ್ಲಿಯರ್‌ನ ಕೆಳಗಿನ ಬಣ್ಣದ ಪದರ) ವರೆಗೆ ಮಾತ್ರ ನನ್ನ ಕೆಲಸ, ಅದಕ್ಕೂ ಫಿಲ್ಟರ್ ಡಬ್ಬಿ ಇರುವ ಕಾರ್ಟ್ರಿಡ್ಜ್ ಮಾಸ್ಕ್ ಹಾಕಿಕೊಳ್ಳುತ್ತೇನೆ. ಕ್ಲಿಯರ್ ಶಾಪ್‌ನಲ್ಲೇ ಹೊಡೆಸುತ್ತೇನೆ.

ಐದಕ್ಕೆ ನಾಲ್ಕು ಸ್ಟಾರ್. ಭಾವ ಮೂರನೇ ಬಂಪರ್ ತಂದು ಒರಗಿಸಿ ಹೋಗಿದ್ದಾರೆ. ನವೆಂಬರ್ ಬರಲಿ ಅಂದಿದ್ದೇನೆ.