ನಿಮ್ಮ ತೂಕ ಕೇಳದ ಅಂಗಡಿಯಲ್ಲಿ ಶಾಕ್ ಅಬ್ಸಾರ್ಬರ್ ಕೊಳ್ಳಬೇಡಿ

ನನ್ನ ಬಳಿ ಇರುವುದು 350 ಸಿಸಿಯ ಎನ್‌ಫೀಲ್ಡ್. ತಿಂಗಳಿಗೆ ಎರಡು ಬಾರಿಯಾದರೂ ತುಮಕೂರಿನಿಂದ ಕೊರಟಗೆರೆ ದಾಟಿ ಮಧುಗಿರಿಯಲ್ಲಿರುವ ಅತ್ತೆಯವರ ಮನೆಗೆ ಹೆಂಡತಿಯೊಡನೆ ಹೋಗಿಬರುವ ರೂಢಿ. ಗಾಡಿ 30,000 ಕಿ.ಮೀ. ದಾಟಿದ ಮೇಲೆ ಹಿಂದಿನ ಶಾಕ್‌ಗಳು ಪ್ರತಿಯೊಂದು ಹಂಪ್‌ನಲ್ಲಿಯೂ ತಳಕ್ಕೆ ಬಡಿಯತೊಡಗಿದವು. ಕೊಳ್ಳುವುದಾದರೆ ಒಮ್ಮೆಗೇ ಒಳ್ಳೆಯದನ್ನು ಕೊಳ್ಳೋಣವೆಂದು ಬೆಂಗಳೂರಿನ ಒಂದು ಅಂಗಡಿಗೆ ಹೋಗಿ, ಹೆಸರುವಾಸಿಯಾದ ವಿದೇಶಿ ಬ್ರ್ಯಾಂಡಿನ ಜೋಡಿಗೆ 36,000 ರೂಪಾಯಿ ಕೊಟ್ಟು ಬಂದೆ. ಬಿಲ್ ಬೇಕೆಂದರೆ ತೆರಿಗೆ ಬೇರೆ ಸೇರುತ್ತದೆ ಎಂದರು, ಬೇಡವೆಂದೆ. ಆ ದಿನ ನಾನು ಮಾಡಿದ ತಪ್ಪುಗಳಲ್ಲಿ ಇದು ಎರಡನೆಯದು.

ಮೊದಲನೆಯದು ತಿಳಿದದ್ದು ಮುಂದಿನ ಭಾನುವಾರ. ಕೊರಟಗೆರೆ ದಾಟಿದ ಮೇಲೆ ಶಾಲೆಯೊಂದರ ಮುಂದಿನ ಹಂಪ್ ಹತ್ತಿಳಿದಾಗ, ಹಳೆಯ ಶಾಕ್‌ಗಳಲ್ಲಿ ಕೇಳುತ್ತಿದ್ದ ಅದೇ ‘ಧಡ್’ ಸದ್ದು ಮತ್ತೆ ಕೇಳಿಸಿತು. ಹಿಂದೆ ಕುಳಿತಿದ್ದ ಹೆಂಡತಿ ಸೊಂಟ ಹಿಡಿದುಕೊಂಡು, “ರೀ, ಇದಕ್ಕಾ ಅಷ್ಟು ದುಡ್ಡು ಸುರಿದಿದ್ದು?” ಎಂದಳು. ಅಂಗಡಿಗೆ ಫೋನ್ ಮಾಡಿದರೆ ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಒತ್ತಿಡುವ ತಿರುಪು, ಬಿಗಿ ಮಾಡಿಸಿ ಎಂಬ ಉತ್ತರ ಬಂತು. ಕೊನೆಯವರೆಗೂ ಬಿಗಿ ಮಾಡಿಸಿದೆ. ಇಬ್ಬರು ಕುಳಿತಾಗ ಸದ್ದು ಸ್ವಲ್ಪ ಕಡಿಮೆಯಾಯಿತಾದರೂ ನಿಲ್ಲಲಿಲ್ಲ. ಒಬ್ಬನೇ ಹೋಗುವಾಗ ಮಾತ್ರ ಗುಂಡಿ ದಾಟಿದ ಕೂಡಲೇ ಚಕ್ರ ಪೂರ್ತಿ ಕೆಳಗಿಳಿದು ‘ಟಕ್’ ಎಂದು ಬಡಿಯುವ ಹೊಸ ಕಾಟ ಶುರುವಾಯಿತು. ಸಾಲದೆಂಬಂತೆ ಹೊಸ ಶಾಕ್‌ಗಳು ಹಳೆಯವಕ್ಕಿಂತ ಒಂದು ಸೆಂಟಿಮೀಟರ್ ಉದ್ದವಿದ್ದವು. ಹಿಂಭಾಗ ಎತ್ತರವಾಗಿ ಸೈಡ್ ಸ್ಟ್ಯಾಂಡಿನ ಮೇಲೆ ಗಾಡಿ ಮೊದಲಿಗಿಂತ ಹೆಚ್ಚು ವಾಲುತ್ತಿತ್ತು, ಒಂದು ಸಂಜೆ ಮನೆಯ ಮುಂದಿನ ಇಳಿಜಾರಿನಲ್ಲಿ ಮಗುಚಿಕೊಂಡಿತು. ಮುರಿದದ್ದು ಕನ್ನಡಿ ಮಾತ್ರ.

ಕೊನೆಗೆ ತುಮಕೂರಿನಲ್ಲೇ ಇರುವ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಹೋದೆ. ಅವರು ಶಾಕ್‌ಗಳನ್ನು ಮುಟ್ಟಲೇ ಇಲ್ಲ. “ಸಾರ್, ನಿಮ್ಮ ತೂಕ ಎಷ್ಟು ಅಂತ ಅಂಗಡಿಯವರು ಕೇಳಿದ್ರಾ?” ಎಂದರು. ಯಾರೂ ಕೇಳಿರಲಿಲ್ಲ. ಹಿಂದೆ ಯಾರನ್ನಾದರೂ ಕೂರಿಸಿಕೊಂಡು ಹೋಗುತ್ತೀರಾ ಎಂದೂ ಕೇಳಿರಲಿಲ್ಲ. ಅವರು ಹಿಂಚಕ್ರ ನೆಲಬಿಡುವಂತೆ ಗಾಡಿಯನ್ನು ಎತ್ತಿಸಿ, ಅಚ್ಚಿನಿಂದ ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಟೇಪ್ ಹಿಡಿದು ಅಳತೆ ಬರೆದುಕೊಂಡರು. ಆಮೇಲೆ ಇಬ್ಬರನ್ನೂ ಚೀಲದ ಸಮೇತ ಕೂರಿಸಿ ಅದೇ ಅಳತೆಯನ್ನು ಮತ್ತೆ ತೆಗೆದರು. ಎರಡರ ವ್ಯತ್ಯಾಸವೇ ಸ್ಯಾಗ್, ಅಂದರೆ ನಮ್ಮ ಭಾರಕ್ಕೆ ಗಾಡಿ ಕೂರುವ ಪ್ರಮಾಣ. ರಸ್ತೆಯಲ್ಲಿ ಓಡುವ ಗಾಡಿಗೆ ಇದು ಚಕ್ರದ ಒಟ್ಟು ಓಟದ (ಚಕ್ರ ಮೇಲೆ ಕೆಳಗೆ ಸರಿಯಬಲ್ಲ ದೂರದ) ಮೂರನೇ ಒಂದು ಪಾಲಿನ ಆಸುಪಾಸಿನಲ್ಲಿರಬೇಕು. ಓಟ 100 ಮಿ.ಮೀ. ಇದ್ದರೆ ಸುಮಾರು 30 ಮಿ.ಮೀ. ಪ್ರೀಲೋಡ್ ಪೂರ್ತಿ ಬಿಗಿಯಿದ್ದರೂ ನನ್ನ ಗಾಡಿ ಅರ್ಧದಷ್ಟು ಕುಸಿದಿತ್ತು. ಹಂಪ್ ಬರುವ ಮೊದಲೇ ಅರ್ಧ ಓಟ ಮುಗಿದಿದ್ದರೆ ಉಳಿದರ್ಧದಲ್ಲಿ ಶಾಕ್ ತಾನೇ ಏನು ಮಾಡೀತು?

ಪ್ರೀಲೋಡ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ನಾನು ಇಪ್ಪತ್ತು ವರ್ಷಗಳಿಂದ ನಂಬಿಕೊಂಡಿದ್ದೆ. ಅದು ಸುಳ್ಳು. ಸ್ಪ್ರಿಂಗ್ ತಕ್ಕಡಿಯ ಮುಳ್ಳನ್ನು ಹಿಂದೆ ಮುಂದೆ ಸರಿಸಿದರೆ ಸೊನ್ನೆಯ ಜಾಗ ಬದಲಾಗುತ್ತದೆಯೇ ಹೊರತು, ಒಂದು ಕಿಲೋ ಹಾಕಿದಾಗ ಅದು ಎಷ್ಟು ಜಗ್ಗುತ್ತದೆಂಬುದು ಬದಲಾಗುವುದಿಲ್ಲ. ಪ್ರೀಲೋಡಿನದೂ ಅದೇ ಕಥೆ. ಗಡಸುತನವನ್ನು ಹೇಳುವುದು ಸ್ಪ್ರಿಂಗ್ ರೇಟ್. ಒಂದು ಮಿಲಿಮೀಟರ್ ಒತ್ತಲು ಎಷ್ಟು ನ್ಯೂಟನ್ ಬಲ ಬೇಕೆಂಬ ಲೆಕ್ಕ. ನನಗೆ ಮಾರಿದ್ದು ಒಬ್ಬನೇ ಸವಾರನಿಗೆ ಹೊಂದುವ 18ರ ಸ್ಪ್ರಿಂಗ್, ಮೆಕ್ಯಾನಿಕ್ ಲೆಕ್ಕ ಹಾಕಿ ಹೇಳಿದ್ದು 22. ಗಟ್ಟಿ ಸ್ಪ್ರಿಂಗ್ ಮಾತ್ರ ಬದಲಿಸಿ ಕೊಡಿ ಎಂದು ಅಂಗಡಿಯಲ್ಲಿ ಕೇಳಿದಾಗ, ತರಿಸಲು ಮೂರು ತಿಂಗಳು ಬೇಕು, 11,000 ಮುಂಗಡ ಕೊಡಿ ಎಂದರು. ವಾರಂಟಿ ಎಂದಾಗ ಬಿಲ್ ತೋರಿಸಿ ಎಂದರು.

ಬೆಲೆಯೆಲ್ಲ ಬರೀ ಹೆಸರಿಗೇ ಎಂದು ಹೇಳಿದರೆ ಅದು ಅನ್ಯಾಯವಾದೀತು. ಒಬ್ಬನೇ ಬೆಂಗಳೂರು ಹೆದ್ದಾರಿಯಲ್ಲಿ ಹೋದಾಗ ಆ ಶಾಕ್‌ಗಳು ಸಣ್ಣ ಬಿರುಕುಗಳನ್ನು ನುಂಗಿದ ಬಗೆಯನ್ನು ನಾನು ಮರೆಯಲಾರೆ. ಒಳಗಿನ ಎಣ್ಣೆಯ ಹರಿವನ್ನು ಹಿಡಿಯುವ ತೆಳು ಬಿಲ್ಲೆಗಳು, ಎಣ್ಣೆ ನೊರೆಗಟ್ಟದಂತೆ ಒತ್ತಡದಲ್ಲಿಡುವ ನೈಟ್ರೋಜನ್, ಬಿಚ್ಚಿ ಸೀಲ್ ಬದಲಿಸಬಹುದಾದ ರಚನೆ, ಇವಕ್ಕೆಲ್ಲ ಖರ್ಚಿದೆ. 1976ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ಓಹ್ಲಿನ್ಸ್‌ನಂಥ ಕಂಪನಿ ಹೆಸರು ಗಳಿಸಿದ್ದು ರೇಸಿನ ಮೈದಾನದಲ್ಲಿ (ನಾನು ಕೊಂಡದ್ದು ಅದಲ್ಲ). ಎಣ್ಣೆ ಕಾದು ತೆಳುವಾಗುವಷ್ಟು ಹೊತ್ತು ಬಿಡದೆ ಕುಣಿಯುವ ರಸ್ತೆಯಲ್ಲಿ ಆ ಗುಣ ಎದ್ದು ಕಾಣುತ್ತದೆ. ಒಂದು ಗಂಟೆಯ ಮಧುಗಿರಿ ದಾರಿಯಲ್ಲಿ, ಅದೂ ತಪ್ಪು ಸ್ಪ್ರಿಂಗ್ ಹಾಕಿಕೊಂಡು, ಅದರಿಂದ ನನಗೆ ದಕ್ಕಿದ್ದು ಏನೂ ಇಲ್ಲ. ಬಿಚ್ಚಿ ಸರಿಪಡಿಸಬಹುದು ಎಂಬ ಅನುಕೂಲವೂ ನೈಟ್ರೋಜನ್ ತುಂಬುವವರು ಹತ್ತಿರವಿದ್ದರೆ ಮಾತ್ರ. ನನಗೆ ಅದಕ್ಕೆ 70 ಕಿ.ಮೀ. ಹೋಗಬೇಕು.

ಮೆಕ್ಯಾನಿಕ್ ಮುಂದಿನ ಫೋರ್ಕಿನ (ಮುಂಚಕ್ರವನ್ನು ಹಿಡಿದಿರುವ, ಶಾಕ್‌ನಂತೆಯೇ ಕೆಲಸ ಮಾಡುವ ಜೋಡಿ ಕೊಳವೆಗಳ) ಎಣ್ಣೆ ಇಳಿಸಿದಾಗ ಬಂದದ್ದು ಸುಟ್ಟ ಕಾಫಿಯ ಬಣ್ಣದ, ಮೀನಿನ ವಾಸನೆಯ ದ್ರವ. ಗಾಡಿ ಕೊಂಡಂದಿನಿಂದ ಅದನ್ನು ಬದಲಿಸಿಯೇ ಇರಲಿಲ್ಲ. ಹಿಂದಿನದಷ್ಟನ್ನೇ ಹೊಸದು ಮಾಡಿ ಮುಂದಿನದನ್ನು ಮರೆತರೆ ಬ್ರೇಕ್ ಹಿಡಿದಾಗ ಮೂತಿ ಮೊದಲಿಗಿಂತ ಹೆಚ್ಚು ಬಾಗಿದಂತೆನಿಸುತ್ತದೆ. ನನ್ನ ದೂರುಗಳಲ್ಲಿ ಅರ್ಧ ಅಲ್ಲಿಂದಲೇ ಬಂದಿದ್ದವು. ಎಣ್ಣೆ, ಸೀಲ್, ಕೂಲಿ ಸೇರಿ 1,400 ರೂಪಾಯಿ. ಹಿಂದಕ್ಕೆ, ತೂಕ ಹೇಳಿ, ಉದ್ದ ಅಳೆದು, ಸ್ಪ್ರಿಂಗಿನ ಮೇಲೆ ಕೊರೆದ ಸಂಖ್ಯೆಯನ್ನು ಕಣ್ಣಾರೆ ನೋಡಿ, ಬಿಲ್ ಸಮೇತ 9,500ಕ್ಕೆ ಒಂದು ಸಾಧಾರಣ ಜೋಡಿ ಹಾಕಿಸಿದೆ. ಶಾಲೆಯ ಮುಂದಿನ ಹಂಪ್‌ನಲ್ಲಿ ಈಗ ಸದ್ದಿಲ್ಲ.

ಆ 36,000ದ ಜೋಡಿ ಗೋಣಿಚೀಲದಲ್ಲಿ ಸುತ್ತಿಕೊಂಡು ಅಟ್ಟದ ಮೇಲಿದೆ. ಅರ್ಧ ಬೆಲೆಗೆ ಕೊಡುತ್ತೇನೆಂದಾಗ ಇಬ್ಬರು ಬಂದು ನೋಡಿದರು. ಇಬ್ಬರೂ ಮೊದಲು ಕೇಳಿದ್ದು ಬಿಲ್ ಇದೆಯೇ ಎಂದು.