ಟೊಮೆಟೊ ಹೇರೋಕೆ ಯಾವ ಪಿಕಪ್? ಮೂರು ಅಳತೆಯ ಗಾಡಿ ಓಡಿಸಿ ನೋಡಿದ್ದು

ಕೋಲಾರದ ಕಡೆ ಟೊಮೆಟೊ ಬೆಳೆಯುವವರು ಗಾಡಿಯನ್ನು ಟನ್ ಲೆಕ್ಕದಲ್ಲಿ ನೋಡಲ್ಲ, ಬಾಕ್ಸ್ ಲೆಕ್ಕದಲ್ಲಿ ನೋಡುತ್ತಾರೆ. ಒಂದು ಬಾಕ್ಸ್ ಅಂದ್ರೆ 15 ಕೆಜಿ. ನಮ್ಮಲ್ಲಿ ಹಳೆಯ ಟಾಟಾ ಏಸ್ ಇದೆ. ಕೊಯ್ಲು ಜೋರಾದಾಗ 10 ಅಡಿ ಬಾಡಿಯ ಬೊಲೆರೊ ಪಿಕಪ್ ಬಾಡಿಗೆಗೆ ಕರೆಸುತ್ತೇವೆ. ಬೆಂಗಳೂರಿನ ಭಾವ ಊರಿಗೆ ಬಂದಾಗ ಅವರ ಟೊಯೊಟಾ ಹೈಲಕ್ಸ್‌ಗೂ ಬಾಕ್ಸ್ ಹೇರಿಕೊಂಡು ಎಪಿಎಂಸಿಗೆ ಹೋಗಿ ಬಂದೆ.

2005ರಲ್ಲಿ ಏಸ್ ಬಂದಾಗ ಅದರ ಅಗಲ 1.5 ಮೀಟರ್, ಎಂಜಿನ್ 702 ಸಿಸಿ, ಹೊರುವುದು 750 ಕೆಜಿ. ಖಾಲಿ ಬಾಕ್ಸಿನ ತೂಕವನ್ನೂ ಸೇರಿಸಿದರೆ ನಲವತ್ತೈದು ಬಾಕ್ಸ್‌ಗೆ ನಿಲ್ಲಿಸಬೇಕು. ಆದರೆ ನೀಲಗಿರಿ ಕಡ್ಡಿ ನೆಟ್ಟ ಸಾಲುಗಳ ಪಕ್ಕದ ದಾರಿಯಲ್ಲಿ ಅದು ಸಲೀಸಾಗಿ ನುಗ್ಗುತ್ತದೆ, ಅಲ್ಲೇ ತಿರುಗುತ್ತದೆ. ಬಾಡಿ ತಗ್ಗಾಗಿದೆ. ತಲೆ ಮೇಲೆ ಬಾಕ್ಸ್ ಹೊತ್ತು ತರುವ ಹೆಂಗಸರು ನೆಲದ ಮೇಲೆ ನಿಂತೇ ಇಡಬಹುದು, ಮೇಲೆ ಹತ್ತಿ ಇಸ್ಕೊಳ್ಳೋಕೆ ಇನ್ನೊಬ್ಬ ಆಳು ಬೇಡ. ಚಕ್ರ ಚಿಕ್ಕದು, ಹಾಗಾಗಿ ಮಳೆ ಬಿದ್ದ ಕೆಂಪು ಮಣ್ಣಿಗೆ ಇಳಿಸೋ ಮುಂಚೆ ಯೋಚಿಸಬೇಕು.

ಬೊಲೆರೊದ್ದು ಬೇರೆ ಲೆಕ್ಕ. 1.7 ಟನ್ ಹೊರುವ ಪಿಕಪ್‌ಗೆ ನೂರು ಬಾಕ್ಸ್ ಆರಾಮಾಗಿ ಹಿಡಿಸುತ್ತವೆ. ಬೊಲೆರೊ ಮ್ಯಾಕ್ಸ್ ಪಿಕಪ್‌ನಲ್ಲಿ 2023ರಲ್ಲಿ 2 ಟನ್ ಹೊರುವ ಮಾದರಿಯೂ ಬಂತು. ಆ ವರ್ಷ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸ್ ಬೆಲೆ 2,000 ರೂಪಾಯಿ ದಾಟಿತ್ತು. ಅಂಥ ಹೊತ್ತಲ್ಲಿ ಎಲ್ಲ ಮಾಲೂ ಒಂದೇ ಸಲ ಹರಾಜಿಗೆ ಮುಟ್ಟಬೇಕು, ಎರಡನೇ ಟ್ರಿಪ್ ಹೊಡೆಯೋಷ್ಟರಲ್ಲಿ ರೇಟು ಎಲ್ಲಿರುತ್ತೋ ಗೊತ್ತಿಲ್ಲ. ಗಾಡಿ ಮಾತ್ರ ತೋಟದ ಒಳಗೆ ಬರಲ್ಲ. ರಸ್ತೆಯಲ್ಲೇ ನಿಲ್ಲಿಸಿ ಅಲ್ಲಿವರೆಗೂ ಬಾಕ್ಸ್ ಹೊರಬೇಕು. ಆ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೈಲಕ್ಸ್ 2022ರಲ್ಲಿ ಇಲ್ಲಿಗೆ ಬಂತು. ಉದ್ದ 5.3 ಮೀಟರ್, ಅಂದರೆ ಬೊಲೆರೊಗೂ ಇದಕ್ಕೂ ಉದ್ದದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಹಿಂದಿನ ಬಾಡಿ ಮಾತ್ರ ಬೊಲೆರೊ ಬಾಡಿಯ ಅರ್ಧದಷ್ಟು, ಸುಮಾರು 5 ಅಡಿ. ಉಳಿದ ಜಾಗವೆಲ್ಲ ಐದು ಜನ ಕೂರುವ ಕ್ಯಾಬಿನ್ನಿಗೆ, ಬಾನೆಟ್ಟಿಗೆ ಹೋಯ್ತು. ಬಾಡಿಯ ಒಳಗೆ ಎರಡೂ ಕಡೆ ಚಕ್ರದ ಉಬ್ಬು ಇದೆ, ಅಲ್ಲಿ ಬಾಕ್ಸ್ ಸಮನಾಗಿ ಕೂರಲ್ಲ, ವಾಲುತ್ತದೆ. ಪಕ್ಕದ ಗೋಡೆ ಎದೆಮಟ್ಟಕ್ಕಿದೆ. ಅಷ್ಟೆತ್ತರಕ್ಕೆ ಎತ್ತಿ ಒಳಗೆ ಇಳಿಸುವಾಗ ಕೆಳಗಿನ ಹಣ್ಣು ಜಜ್ಜದಂತೆ ನೋಡ್ಕೋಬೇಕು. ಕೆಸರಿನಲ್ಲಿ ಮಾತ್ರ ಅದನ್ನು ಮೀರಿಸೋರಿಲ್ಲ. ನಾಲ್ಕೂ ಚಕ್ರಕ್ಕೆ ಎಳೆತ ಇದೆ, ಹೆದ್ದಾರಿಯಲ್ಲಿ ಕಾರಿನ ಸುಖವೂ ಇದೆ.

ಪಿಕಪ್‌ಗಳು ತುಂಬಾ ದೊಡ್ಡದಾದವಾ ಅಂತ ಕೇಳಿದರೆ, ಬೆಳೆದದ್ದು ಯಾವ ಭಾಗ ಅಂತ ನಾನು ನೋಡುತ್ತೇನೆ. ಬೊಲೆರೊದಲ್ಲಿ ಬಾಡಿ ಬೆಳೆದಿದೆ, ಅದು ರೈತನಿಗೆ ದಕ್ಕುತ್ತದೆ. ಅಮೆರಿಕದಲ್ಲಿ ಫೋರ್ಡ್ ಎಫ್-150ಯಂಥ ಗಾಡಿಗಳಲ್ಲಿ ಕ್ಯಾಬಿನ್ ಬೆಳೆದಿದೆ. ಒಂದು ಕಾಲದಲ್ಲಿ ಎರಡು ಬಾಗಿಲು, 8 ಅಡಿ ಬಾಡಿ ಸಾಮಾನ್ಯವಾಗಿತ್ತು. ಈಗ ನಾಲ್ಕು ಬಾಗಿಲು, ಹಿಂದೆ ಐದೂವರೆ ಅಡಿ. ಹೈಲಕ್ಸ್ ಆ ಜಾತಿಯದ್ದು. ಒಳ್ಳೆಯ ಗಾಡಿಯೇ, ಆದರೆ ಮಾಲು ಹೇರೋನಿಗೆ ಅದು ಜಾಸ್ತಿ ಆಯ್ತು.

ಸದ್ಯಕ್ಕೆ ನಾನು ಏಸ್ ಮಾರಲ್ಲ. ದಿನದ ಕೊಯ್ಲಿಗೆ ಅದು ಸಾಕು, ರೇಟು ಏರಿದಾಗ ಬೊಲೆರೊ ಕರೆಸುತ್ತೇನೆ. ಮುಂದೆ ಬದಲಾಯಿಸುವುದಾದರೆ 2019ರಲ್ಲಿ ಬಂದ ಟಾಟಾ ಇಂಟ್ರಾದಂಥ ನಡುವಿನ ಅಳತೆಯ ಗಾಡಿ ನೋಡಬೇಕು. ಅದನ್ನೂ ಶೋರೂಮ್ ಮುಂದಿನ ಟಾರು ರಸ್ತೆಯಲ್ಲಿ ಅಲ್ಲ, ನಮ್ಮ ತೋಟದ ದಾರಿಯಲ್ಲಿ ಓಡಿಸಿಯೇ ತಗೊಳ್ಳೋದು.